ನಾದಿನಿಯ ಚೆಕ್ಕು, ನನ್ನ ಬಳೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಅರ್ಧ ಓದಿದ ಮೇಲೆ ನಿಮಗೇ ಗೊತ್ತಾಗಿ, ಈಕೆ ಏನೋ ದೊಡ್ಡ ಮನಸ್ಸಿನವಳ ಹಾಗೆ ಶುರು ಮಾಡಿದ್ದಳಲ್ಲ ಅಂತ ಬೈದುಕೊಳ್ಳುವುದು ಬೇಡ. ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಅಕ್ಕನ ಲಂಗದ ಅಂಚು ನನ್ನದಕ್ಕಿಂತ ಎರಡು ಬೆರಳು ಅಗಲ ಇದೆ ಅಂತ ಒಂದು ಹಬ್ಬದ ದಿನ ಪೂರ್ತಿ ಊಟ ಬಿಟ್ಟು ಕೂತಿದ್ದೆ. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದ ಮೇಲೆ ಬಹಳ ವರ್ಷ ಆ ಕಿಚ್ಚಿಗೆ ಕೆಲಸವೇ ಇರಲಿಲ್ಲ. ಅದು ಮತ್ತೆ ಹತ್ತಿಕೊಂಡದ್ದು ನನ್ನ ನಾದಿನಿ ನಮ್ಮ ಅಂಗಡಿಗೆ ನಾಲ್ಕು ಲಕ್ಷದ ಚೆಕ್ಕು ಬರೆದುಕೊಟ್ಟ ದಿನ.

ನಮ್ಮದು ವಿಜಯನಗರದಲ್ಲಿ ಸ್ಕೂಲ್ ಯೂನಿಫಾರಂ ಅಂಗಡಿ. ಅಂಗಡಿ ನಮ್ಮ ಯಜಮಾನರ ಹೆಸರಿನಲ್ಲಿದೆ. ನಾನು ಮದುವೆಯಾದ ಎರಡನೇ ವರ್ಷದಿಂದ ಮಧ್ಯಾಹ್ನ ಊಟ ಮುಗಿಸಿ ಹೋಗಿ ಗಲ್ಲಾದಲ್ಲಿ ಕೂರುತ್ತಾ ಬಂದಿದ್ದೇನೆ. ಯಜಮಾನರಿಗೆ ಟೇಪು ಬೇಕಿಲ್ಲ. ಮಗು ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಸೊಂಟದ ಅಳತೆ ಹೇಳಿಬಿಡುತ್ತಾರೆ. ಐದು ವರ್ಷದ ಹಿಂದೆ ಬಂದು ಹೋದ ಹುಡುಗಿಯ ಅಳತೆ ಇವತ್ತಿಗೂ ಅವರಿಗೆ ನೆನಪಿರುತ್ತದೆ. ಇಷ್ಟು ಚುರುಕು ಕಣ್ಣಿನ ಮನುಷ್ಯ ಅನ್ನುವುದನ್ನು ದಯವಿಟ್ಟು ಗಮನದಲ್ಲಿಡಿ.

ಅವರಿಗೆ ಒಂದು ಕಥೆ ಬಹಳ ಇಷ್ಟ. ಹೊಸಬರು ಯಾರು ಸಿಕ್ಕಿದರೂ ಹೇಳುತ್ತಾರೆ. "ಬರಿಗೈಲಿ ಶುರು ಮಾಡಿದ್ದು ಕಣ್ರೀ ಅಂಗಡಿನ. ಜೇಬಲ್ಲಿ ಬಸ್ ಚಾರ್ಜ್ ಇರ್ಲಿಲ್ಲ." ನಾನು ಈ ಮನೆಗೆ ಬರುವ ಹೊತ್ತಿಗೆ ಅಂಗಡಿ ಶುರುವಾಗಿ ಆರು ವರ್ಷ ಆಗಿತ್ತು, ಹಾಗಾಗಿ ಕೇಳಿದ್ದಷ್ಟೇ ಗೊತ್ತು, ನೋಡಿದ್ದಿಲ್ಲ. ನಮ್ಮ ಅತ್ತೆ ಆಗ ಇದ್ದರು. ಕೊರಳಲ್ಲಿ ಅರಿಸಿನದ ದಾರದಲ್ಲಿ ಕಟ್ಟಿದ ತಾಳಿ ಬಿಟ್ಟರೆ ಒಂದು ಗುಲಗಂಜಿ ಬಂಗಾರವಿರಲಿಲ್ಲ. "ನಮ್ಮಮ್ಮಂಗೆ ಒಡವೆ ಆಸೇನೇ ಇಲ್ಲ" ಅಂತ ಯಜಮಾನರು ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ನನ್ನಮ್ಮನಿಗೆ ಹೋಲಿಸಿ ಸ್ವಲ್ಪ ನಾಚಿಕೆಯೂ ಪಟ್ಟಿದ್ದೆ. ಯಾಕೆಂದರೆ ನನ್ನಮ್ಮನಿಗೆ ಒಡವೆ ಅಂದರೆ ಪ್ರಾಣ. ತನ್ನ ನಾಲ್ಕು ಗಟ್ಟಿ ಬಳೆಗಳನ್ನು ಸಾಯುವ ವಾರ ತಾನೇ ಸೋಪು ಹಚ್ಚಿ ತೆಗೆದು ನನ್ನ ಕೈಗೆ ಏರಿಸಿದ್ದಳು. ಅಕ್ಕನಿಗೆ ಕೊಡಲಿಲ್ಲ, ನನಗೆ ಕೊಟ್ಟಳು. ಆ ಖುಷಿಗೆ ನಾನು ಅವತ್ತು ಸರಿಯಾಗಿ ಅಳಲೂ ಇಲ್ಲ.

ಯೂನಿಫಾರಂ ವ್ಯಾಪಾರದಲ್ಲಿ ಒಂದು ಪಜೀತಿ ಇದೆ. ಜೂನ್ ತಿಂಗಳಿಗೆ ಬೇಕಾದ ಬಟ್ಟೆಯನ್ನು ಜನವರಿಯಲ್ಲೇ ತರಿಸಿಡಬೇಕು. ಒಂದು ಸ್ಕೂಲಿನ ಮೆರೂನ್ ಚೌಕುಳಿ ಇನ್ನೊಂದು ಸ್ಕೂಲಿಗೆ ಆಗುವುದಿಲ್ಲ, ಮನೆಯಲ್ಲಿ ದಿಂಬಿನ ಕವರ್ ಹೊಲಿಸಿಕೊಳ್ಳಿ ಅಂದರೂ ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗೆ ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಯಿಂದ ಸಾಲಕ್ಕೆ ಬಟ್ಟೆ ತರಿಸಿ ಅಟ್ಟದ ತುಂಬ ಪೇರಿಸಿಟ್ಟ ವರ್ಷವೇ ಕೊರೋನಾ ಬಂತು. ಸ್ಕೂಲು ಮುಚ್ಚಿದವು. ಮಕ್ಕಳು ಮನೆಯಲ್ಲಿ ಚಡ್ಡಿ ಬನಿಯನ್ನಿನಲ್ಲಿ ಕೂತು ಫೋನಿನಲ್ಲಿ ಪಾಠ ಕೇಳಿದರು. ಎರಡು ವರ್ಷ ಕಳೆಯುವ ಹೊತ್ತಿಗೆ ಚಿಕ್ಕಪೇಟೆಗೆ ನಾವು ಕೊಡಬೇಕಾದ ಬಾಕಿ ಏಳು ಲಕ್ಷ ನಲವತ್ತು ಸಾವಿರದಲ್ಲಿ ನಿಂತಿತ್ತು.

ಆ ವ್ಯಾಪಾರಿ ಕೂಗಾಡುವ ಮನುಷ್ಯನಲ್ಲ. ಅವನು ಒಬ್ಬ ಮುದುಕರನ್ನು ಕಳಿಸುತ್ತಿದ್ದ. ಅವರು ಬೆಳಿಗ್ಗೆ ಹತ್ತಕ್ಕೆ ಬಂದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು, ಮಧ್ಯಾಹ್ನದವರೆಗೆ ಸುಮ್ಮನೆ ಇರುತ್ತಿದ್ದರು. ಟೀ ಕೊಟ್ಟರೆ ಕುಡಿಯುತ್ತಿದ್ದರು. ಬಾಕಿ ಅನ್ನುವ ಮಾತು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಅಕ್ಕಪಕ್ಕದ ಅಂಗಡಿಯವರಿಗೆ ಎಲ್ಲ ಅರ್ಥವಾಗುತ್ತಿತ್ತು. ಯಜಮಾನರು ಆ ಬೆಂಚಿನ ಕಡೆ ಬೆನ್ನು ಹಾಕಿಕೊಂಡೇ ಇಡೀ ಬೆಳಿಗ್ಗೆ ಬಟ್ಟೆ ಮಡಿಚುತ್ತಿದ್ದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಈ ಬಳೆ ತಗೊಂಡು ಹೋಗಿ ಮುಗಿಸಿಬಿಡ್ರೀ" ಅಂದೆ.

"ನಿಮ್ಮಮ್ಮ ಕೈಯಿಂದ ತೆಗೆದು ಕೊಟ್ಟಿರೋದು. ಅದನ್ನ ಮುಟ್ಟಿದ್ರೆ ನಾನು ಮನುಷ್ಯನೇ ಅಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಅವತ್ತು ಗಂಡ ಅಂದರೆ ಹೀಗಿರಬೇಕು ಅನ್ನಿಸಿದ್ದು ಸುಳ್ಳಲ್ಲ.

ಮಾರನೇ ದಿನ ಅವರು ತಂಗಿಗೆ ಫೋನ್ ಮಾಡಿದರು.

ನನ್ನ ನಾದಿನಿ ಖಜಾನೆ ಇಲಾಖೆಯಲ್ಲಿ ಕೆಲಸ ಮಾಡುತ್ತಾಳೆ. ಮದುವೆ ಬೇಡ ಅಂದವಳು, ಕೆಂಗೇರಿ ಉಪನಗರದಲ್ಲಿ ಸ್ವಂತ ಮನೆ ಮಾಡಿಕೊಂಡು ಒಬ್ಬಳೇ ಇದ್ದಾಳೆ. ನನಗಿಂತ ಏಳು ವರ್ಷ ಚಿಕ್ಕವಳು. ಭಾನುವಾರ ಮೆಟ್ರೋ ಹತ್ತಿ ಬಂದಳು, ಜೊತೆಗೆ ಒಂದು ಫೈಲು. ಫೈಲಿನಲ್ಲಿ ಸ್ಟಾಂಪ್ ಪೇಪರ್. ಅದರಲ್ಲಿ ಎಲ್ಲ ಟೈಪಾಗಿತ್ತು: ನಾಲ್ಕು ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ, ಪ್ರತಿ ತಿಂಗಳು ಎರಡನೇ ಭಾನುವಾರ ಬಡ್ಡಿಯ ಚೆಕ್ಕು.

"ಅಣ್ಣ, ಇಲ್ಲಿ ಸೈನ್ ಮಾಡು. ಇಲ್ಲೂ" ಅಂದಳು. ಆಮೇಲೆ ಚೆಕ್ಕು ಹರಿದು ಕೊಟ್ಟಳು.

ಒಡಹುಟ್ಟಿದ ಅಣ್ಣನ ಹತ್ತಿರ ಬಡ್ಡಿ. ಒಡಹುಟ್ಟಿದ ಅಣ್ಣನ ಹತ್ತಿರ ಸ್ಟಾಂಪ್ ಪೇಪರ್. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಇದನ್ನೇ ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡೆ. ಅವತ್ತು ರೊಟ್ಟಿಗಳು ಬಹಳ ತೆಳ್ಳಗೆ ಬಂದವು. ಯಜಮಾನರಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಎರಡು ಕೈಯಲ್ಲಿ ಚೆಕ್ಕು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನನ್ನ ಬಳೆ ಮುಟ್ಟಿದರೆ ಮನುಷ್ಯನೇ ಅಲ್ಲ ಅಂದವರು.

ಅವತ್ತಿನಿಂದ ಶುರುವಾಯಿತು ಸ್ತೋತ್ರ. ನೆಂಟರ ಮನೆಯಲ್ಲಿ, ಮಠದ ದಾಸೋಹದಲ್ಲಿ, ಅಂಗಡಿಗೆ ಬಂದ ಮೇಷ್ಟ್ರುಗಳ ಮುಂದೆ. "ನನ್ನ ತಂಗಿ ಇಲ್ದಿದ್ರೆ ಅಂಗಡಿ ಬಾಗಿಲು ಹಾಕ್ತಿದ್ದೆ ಸಾರ್." ನಾನು ಪಕ್ಕದಲ್ಲೇ ಗಲ್ಲಾದಲ್ಲಿ ಕೂತಿರುತ್ತಿದ್ದೆ. ಕೇಳಿದವರು ನನ್ನ ಕಡೆ ತಿರುಗಿ, "ಎಂಥಾ ನಾದಿನಿ ಅಲ್ವಾ ನಿಮಗೆ" ಅನ್ನುತ್ತಿದ್ದರು. ನಾನು ಹೌದು ಹೌದು ಅಂತ ಚಿಲ್ಲರೆ ಎಣಿಸುತ್ತಿದ್ದೆ. ಎಷ್ಟೋ ಸಲ ಎಣಿಕೆ ತಪ್ಪಿದೆ.

ಮುಂದಿನ ಜುಲೈನಲ್ಲಿ ಯಜಮಾನರು ಆಡಿಟರ್ ಕಚೇರಿಯಿಂದ ವರ್ಷದ ಲೆಕ್ಕದ ಹಾಳೆಗಳನ್ನು ತಂದರು. ಊಟದ ಮೇಜಿನ ಮೇಲೆ ಹರಡಿ, "ನೋಡೇ, ತಂಗಿ ಹೆಸರು ಹೆಂಗೆ ಬಂದಿದೆ" ಅಂತ ಬೆರಳಿಟ್ಟು ತೋರಿಸಿದರು. ಸಾಲಗಳು ಅನ್ನುವ ತಲೆಬರಹದ ಕೆಳಗೆ ನಾದಿನಿಯ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಎದುರಿಗೆ ನಾಲ್ಕು ಲಕ್ಷ. ಇನ್ನೊಂದು ಹಾಳೆಯಲ್ಲಿ ಅವಳ ಬಡ್ಡಿ, ಅಂಗಡಿಯ ಬಾಡಿಗೆ ಮತ್ತು ಕರೆಂಟ್ ಬಿಲ್ಲಿನ ಜೊತೆ ಖರ್ಚಿನ ಸಾಲಿನಲ್ಲಿ ಗಂಭೀರವಾಗಿ ಕೂತಿತ್ತು.

ಅವರು ಕೈ ತೊಳೆಯಲು ಎದ್ದಾಗ ನಾನು ನಾಲ್ಕೂ ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನನ್ನ ಹೆಸರು ಹುಡುಕಿದೆ. ಇರಲಿಲ್ಲ. ಅಂಗಡಿಯ ಹಳೇ ಸ್ಕೂಟರಿಗೆ ಒಂದು ಸಾಲು ಇತ್ತು, ಫ್ಯಾನು ಮತ್ತು ಕಪಾಟಿಗೆ ಒಂದು ಸಾಲು ಇತ್ತು. ಇಪ್ಪತ್ತೈದು ವರ್ಷ ಗಲ್ಲಾದಲ್ಲಿ ಕೂತವಳಿಗೆ ಇರಲಿಲ್ಲ.

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು ಅಂದರೆ ಅದು ಬರೀ ಮಾತಲ್ಲ, ನಿಜವಾಗಿ ಉರಿಯಿತು, ಮಜ್ಜಿಗೆ ಕುಡಿದೆ. ಆ ಹಾಳೆಯ ಮೇಲೆ ನನ್ನ ಹೆಸರೂ ಬರಬೇಕು ಅಂತ ಅವತ್ತು ಹಟ ಹುಟ್ಟಿತು. ಚಿಕ್ಕಪೇಟೆಗೆ ಇನ್ನೂ ಮೂರು ಲಕ್ಷ ನಲವತ್ತು ಸಾವಿರ ಬಾಕಿ ಇತ್ತು. ಮುದುಕರು ಮತ್ತೆ ಬೆಂಚಿಗೆ ಬರತೊಡಗಿದ್ದರು.

ಶ್ರಾವಣದಲ್ಲಿ ನಾನು ಬಳೆ ಮಾರಿದೆ. ಹಳೇ ಚಿನ್ನ ಕೊಳ್ಳುವ ಅಂಗಡಿಯವನು, "ಅಕೌಂಟಿಗೆ ಹಾಕ್ಲಾ ಆಂಟಿ, ಕ್ಯಾಷಾ?" ಅಂತ ಕೇಳಿದ. ನನ್ನ ಅಕೌಂಟು ಯಜಮಾನರ ಜೊತೆ ಜಾಯಿಂಟು. ನೂರು ರೂಪಾಯಿ ಬಿದ್ದರೂ ಅವರ ಫೋನಿಗೆ ಮೆಸೇಜು ಹೋಗುತ್ತದೆ. ಕ್ಯಾಷು ಅಂದೆ. ಎರಡು ಬಳೆ ಒಂದು ದಿನ, ಎರಡು ಬಳೆ ಇನ್ನೊಂದು ದಿನ. ಹಾಗೆಯೇ ಎರಡು ಸಲ ಚಿಕ್ಕಪೇಟೆಗೆ ಹೋದೆ, ತರಕಾರಿ ಚೀಲದಲ್ಲಿ ಮೇಲೆ ಮೆಂತ್ಯ ಸೊಪ್ಪು ಇಟ್ಟುಕೊಂಡು. "ಎರಡು ಲಕ್ಷದ ಮೇಲೆ ಒಂದೇ ದಿನ ಕ್ಯಾಷ್ ತಗೊಳ್ಳಂಗಿಲ್ಲ ಅಕ್ಕ, ರೂಲ್ಸು" ಅಂತ ವ್ಯಾಪಾರಿಯೇ ಹೇಳಿದ್ದರಿಂದ, ಒಂದು ದಿನಕ್ಕೆ ಒಂದು ಲಕ್ಷ ಎಪ್ಪತ್ತು ಸಾವಿರದಂತೆ ಕೊಟ್ಟೆ. ಇಷ್ಟು ರೂಲ್ಸು ಗೊತ್ತಿರುವವನು ಹೇಳಿದ ಮೇಲೆ ಎಲ್ಲ ಸರಿಯಾಗೇ ಇರುತ್ತದೆ ಅಂದುಕೊಂಡೆ. ಅವನು ಹೇಳಿದ್ದು ಅವನ ರೂಲ್ಸು. ನಮ್ಮ ರೂಲ್ಸು ಬೇರೆ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಅಂಗಡಿಯ ಹೆಸರಿಗೆ ಎರಡು ರಸೀದಿ ಕೊಟ್ಟ. "ಯಜಮಾನರಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ" ಅಂದೆ. ಆಗಲಿ ಅಂದ, ಅವನಿಗೇನು, ದುಡ್ಡು ಬಂತು.

ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಬಳೆ ಬೇಡ ಅಂದವರು ಬೈಯುತ್ತಾರೆ ಅನ್ನುವುದು ಒಂದು ಕಾರಣ, ಸಣ್ಣ ಕಾರಣ. ದೊಡ್ಡದು ಏನೆಂದರೆ, ಸುಮ್ಮನೆ ಮನೆಯಲ್ಲಿ ಹೇಳಿ ಮುಗಿಸಲು ನನಗೆ ಇಷ್ಟವಿರಲಿಲ್ಲ. ವರ್ಷದ ಲೆಕ್ಕ ಬರೆಯುವಾಗ ಆಡಿಟರ್ ಮುಂದೆ ರಸೀದಿ ಇಡಬೇಕು, ಯಜಮಾನರು ಬೆಪ್ಪಾಗಬೇಕು, ನಾದಿನಿಯ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಅಚ್ಚಾಗಬೇಕು. ಅವಳದು ಬಡ್ಡಿಗೆ ಕೊಟ್ಟ ದುಡ್ಡು, ನನ್ನದು ಹಾಗೇ ಕೊಟ್ಟದ್ದು. ಯಾರು ಹೆಚ್ಚು ಅಂತ ಹಾಳೆಯೇ ಹೇಳಬೇಕು. ಈ ದೃಶ್ಯವನ್ನು ನಾನು ಪಾತ್ರೆ ತೊಳೆಯುವಾಗ ಎಷ್ಟು ಸಲ ನೋಡಿಕೊಂಡೆನೋ ಲೆಕ್ಕವಿಲ್ಲ.

ವಿಜಯನಗರ ಮಾರ್ಕೆಟ್ಟಿನಲ್ಲಿ ನಾಲ್ಕು ಒನ್ ಗ್ರಾಂ ಗೋಲ್ಡ್ ಬಳೆ ಕೊಂಡು ಕೈಗೆ ಹಾಕಿಕೊಂಡೆ. ಹೆಚ್ಚು ಕಡಿಮೆ ಅದೇ ಅಗಲ, ಹೊಳಪು ಮಾತ್ರ ಸ್ವಲ್ಪ ಜಾಸ್ತಿ. ಮೊದಲ ದಿನ ಯಜಮಾನರಿಗೆ ಊಟ ಬಡಿಸುವಾಗ ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ. ಅವರು ಪಲ್ಯಕ್ಕೆ ಉಪ್ಪು ಸಾಲದು ಅಂದರು. ಎರಡನೇ ದಿನ, ಮೂರನೇ ದಿನ, ವಾರ, ತಿಂಗಳು. ಮಕ್ಕಳ ಸೊಂಟವನ್ನು ಮೆಟ್ಟಿಲಲ್ಲೇ ಅಳೆಯುವ ಕಣ್ಣಿಗೆ ಹೆಂಡತಿಯ ಕೈ ಕಾಣಲಿಲ್ಲ. ನಾನೇ ಮುಚ್ಚಿಟ್ಟು, ಯಾಕೆ ಕಾಣಲಿಲ್ಲ ಅಂತ ನಾನೇ ಕೋಪ ಮಾಡಿಕೊಂಡೆ. ನನ್ನ ಬುದ್ಧಿ ಹಾಗೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಬಾಕಿ ಮುಗಿದಿತ್ತಲ್ಲ, ಮುದುಕರು ಬರುವುದು ನಿಂತಿತು. ವ್ಯಾಪಾರಿ ಹೊಸ ಬಟ್ಟೆಯನ್ನು ನಗುನಗುತ್ತಾ ಸಾಲಕ್ಕೆ ಕಳಿಸಿದ. ಹಳೆಯದರ ಮಾತೆತ್ತಿದರೆ, "ಅದರ ಚಿಂತೆ ಬಿಡಿ ಸಾರ್" ಅಂತ ತೇಲಿಸಿದನಂತೆ. ಇದಕ್ಕೆ ಯಜಮಾನರು ಕಂಡುಕೊಂಡ ಕಾರಣ ಏನು ಗೊತ್ತೇ? ಅದೇ ಜುಲೈನಲ್ಲಿ ನಾದಿನಿ ಒಂದು ಸಲ ಆ ವ್ಯಾಪಾರಿಗೆ ಫೋನ್ ಮಾಡಿ, ಸ್ವಲ್ಪ ಸಮಯ ಕೊಡಿ ಅಂತ ಕೇಳಿದ್ದಳು. "ಖಜಾನೆಯಿಂದ ಫೋನ್ ಬಂತು ಅಂದ್ರೆ ಸುಮ್ನೇನಾ? ನನ್ನ ತಂಗಿ ಒಂದು ಮಾತು ಹೇಳಿದ್ಲು, ಆಸಾಮಿ ಮೆತ್ತಗಾದ." ಇದೂ ಸ್ತೋತ್ರಕ್ಕೆ ಸೇರಿಕೊಂಡಿತು. ನನ್ನ ಬಳೆಯ ಪುಣ್ಯ ಅವಳ ಫೋನಿಗೆ ಹೋಯಿತು. ಎರಡನೇ ಭಾನುವಾರ ಅವಳು ಬಡ್ಡಿಗೆ ಬಂದಾಗ ಅವಳ ಎದುರಿಗೇ ಹೊಗಳಿದರು. "ನಾನೇನೂ ಮಾಡ್ಲಿಲ್ಲ ಅಣ್ಣ" ಅಂದಳು. ಅದನ್ನೂ ಅವಳ ದೊಡ್ಡತನ ಅಂದರು. ನಾನು ಆ ದಿನ ಅವಳ ತಟ್ಟೆಗೆ ತಳ ಹತ್ತಿದ ರೊಟ್ಟಿ ಹಾಕಿದೆ. ಬೇಕೆಂತಲೇ ಹಾಕಿದ್ದು.

ಹನ್ನೊಂದು ತಿಂಗಳು ಹೀಗೆ ಬಾಯಿ ಬಿಗಿಹಿಡಿದಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮತ್ತೆ ಜುಲೈ ಬಂತು. ಆಡಿಟರ್ ಕಚೇರಿ ರಾಜಾಜಿನಗರದಲ್ಲಿ ಒಂದು ಬೇಕರಿಯ ಮೇಲಿದೆ, ಮೆಟ್ಟಿಲ ತುಂಬ ಬೆಣ್ಣೆ ಬಿಸ್ಕತ್ತಿನ ವಾಸನೆ. "ನಾನೂ ಬರ್ತೀನಿ" ಅಂದಾಗ ಯಜಮಾನರಿಗೆ ಆಶ್ಚರ್ಯವಾಯಿತು. ಇಳಕಲ್ ಸೀರೆ ಉಟ್ಟಿದ್ದೆ. ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಎರಡು ರಸೀದಿ.

ಆಡಿಟರ್ ನಮ್ಮ ವಯಸ್ಸಿನವರೇ, ನಿಧಾನದ ಮನುಷ್ಯ. ಚಿಕ್ಕಪೇಟೆಯವರ ಲೆಕ್ಕದ ಪ್ರತಿ ತರಿಸಿಕೊಂಡಿದ್ದರು. "ಸಾರ್, ಇವರ ಪ್ರಕಾರ ಹಳೇ ಬಾಕಿ ಮುಗ್ದಿದೆ. ನಮ್ಮ ಪುಸ್ತಕದಲ್ಲಿ ಇನ್ನೂ ಮೂರು ನಲವತ್ತು ತೋರಿಸ್ತಾ ಇದೆಯಲ್ಲ" ಅಂದರು.

"ಅವರದ್ದು ಏನೋ ತಪ್ಪಾಗಿರ್ಬೇಕು" ಅಂದರು ಯಜಮಾನರು.

ನಾನು ರಸೀದಿ ತೆಗೆದು ಮೇಜಿನ ಮೇಲೆ ಇಟ್ಟೆ. ಎರಡನ್ನೂ ಪಕ್ಕಪಕ್ಕದಲ್ಲಿ, ಅಂಚು ಸರಿಮಾಡಿ. ಆಮೇಲೆ ಕೈ ಮುಂದೆ ಚಾಚಿ, "ಇದು ಒನ್ ಗ್ರಾಂ ಗೋಲ್ಡು" ಅಂದೆ.

ಯಜಮಾನರು ರಸೀದಿ ನೋಡಿದರು, ನನ್ನ ಕೈ ನೋಡಿದರು, ಮತ್ತೆ ರಸೀದಿ ನೋಡಿದರು. ಬೆಪ್ಪಾದರು. ನಾನು ಕಂಡ ಕನಸು ಅಲ್ಲಿಯವರೆಗೆ ಅಳತೆಗೆ ಸರಿಯಾಗಿಯೇ ನಡೆಯಿತು.

ಆಡಿಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ಇದು ಕ್ಯಾಷಲ್ಲಿ ಕೊಟ್ರಾ?"

"ಹೌದು. ಇದು ಅಂಗಡಿ ಖರ್ಚಿಗೆ ಹೋಗತ್ತೆ ಅಲ್ವಾ? ಅಂಗಡಿ ಸಾಲ ತಾನೆ ನಾನು ತೀರ್ಸಿದ್ದು. ಟ್ಯಾಕ್ಸ್ ಕಮ್ಮಿ ಆಗ್ಬೇಕು."

"ಇಲ್ಲ ಮೇಡಂ. ಬಟ್ಟೆ ಬಂದಾಗ್ಲೇ ಆ ವರ್ಷದ ಖರ್ಚು ಅಂತ ಬರ್ದಾಯ್ತು. ಈಗ ಅದರ ಬಾಕಿ ತೀರಿಸಿದ್ರೆ ಅದು ಎರಡನೇ ಸಲ ಖರ್ಚಾಗಲ್ಲ. ಮನೆ ದುಡ್ಡಿಂದ ತೀರಿಸಿದ್ರೆ, ಮನೆಯಿಂದ ಅಂಗಡಿಗೆ ಬಂಡವಾಳ ಬಂತು ಅಂತಷ್ಟೇ."

ಸರಿ, ಖರ್ಚಲ್ಲ. ನನಗೆ ಬೇಕಾದದ್ದು ಅದಲ್ಲವಲ್ಲ. "ಬಂಡವಾಳ ಅಂತಾನೇ ಬರೀರಿ. ನನ್ನ ಹೆಸರಲ್ಲಿ."

ಅವರು ಸ್ವಲ್ಪ ಸಂಕೋಚಪಟ್ಟರು. "ನಿಮ್ಮ ಹೆಸರು ಬರಲ್ಲ ಮೇಡಂ. ಅಂಗಡಿ ಸಾರ್‌ದು. ಬಂಡವಾಳ ಅಂದ್ರೆ ಅವರ ಹೆಸರಲ್ಲೇ. ನಿಮ್ಮ ಸಾಲ ಅಂತ ತೋರಿಸೋಣ ಅಂದ್ರೆ ಬ್ಯಾಂಕ್ ಮುಖಾಂತರ ಬಂದಿಲ್ಲ, ಅಷ್ಟು ದೊಡ್ಡ ಮೊತ್ತದ ಸಾಲ ಕ್ಯಾಷಲ್ಲಿ ತಗೋಬಾರ್ದು, ಅದು ಇನ್ನೊಂದು ತೊಂದರೆ. ಗಂಡ ಹೆಂಡತಿ ಅಲ್ವಾ, ಎಲ್ಲಾ ಒಂದೇ ತಾನೆ."

ನಾನು ರಸೀದಿಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಇದರಲ್ಲಿ ಇನ್ನೊಂದಿದೆ ಸಾರ್" ಅಂತ ಯಜಮಾನರ ಕಡೆ ತಿರುಗಿದರು. "ಒಂದೇ ದಿನ ಒಬ್ಬರಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಕ್ಯಾಷ್ ಕೊಟ್ರೆ, ಆ ಖರ್ಚನ್ನ ಇಲಾಖೆಯವರು ಒಪ್ಪಲ್ಲ. ಆವತ್ತು ಖರ್ಚು ಅಂತ ಒಪ್ಪಿಬಿಟ್ಟಿದ್ದಾರೆ. ಹಾಗಾಗಿ ಈ ಮೂರು ನಲವತ್ತನ್ನ ಈ ವರ್ಷ ನಿಮ್ಮ ಆದಾಯ ಅಂತ ಸೇರಿಸ್ಬೇಕು. ಎಪ್ಪತ್ತು ಸಾವಿರದ ಹತ್ರ ಟ್ಯಾಕ್ಸ್ ಜಾಸ್ತಿ ಬರತ್ತೆ."

ಇದನ್ನು ನಾನು ಎರಡು ಸಲ ಹೇಳಿಸಿಕೊಂಡೆ. ನನ್ನಮ್ಮನ ಬಳೆ, ನನ್ನ ಗಂಡನ ಆದಾಯ. ಅವರು ಸಂಪಾದಿಸಿದ್ದು. ಅದಕ್ಕೆ ಅವರು ತೆರಿಗೆ ಕಟ್ಟಬೇಕು.

"ತಂಗಿಯವರದ್ದು ನೋಡಿ" ಅಂದರು ಆಡಿಟರ್, ಸಮಾಧಾನ ಮಾಡುವವರ ಹಾಗೆ. "ಚೆಕ್ಕು, ಅಗ್ರಿಮೆಂಟು, ಎಲ್ಲಾ ಕ್ಲೀನು. ನಲವತ್ತೆಂಟು ಸಾವಿರ ಬಡ್ಡಿ ಪೂರ್ತಿ ಖರ್ಚಿಗೆ ಹೋಗತ್ತೆ. ಸುಮಾರು ಹತ್ತು ಸಾವಿರ ಟ್ಯಾಕ್ಸ್ ಉಳೀತು."

ಅವಳು ಬಡ್ಡಿ ತಿಂದು ಉಳಿಸಿದಳು. ನಾನು ಬಳೆ ಕೊಟ್ಟು ಕಳೆದೆ. ಆ ಹೊತ್ತಿನಲ್ಲಿ ನಾದಿನಿ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಎದುರಿಗಿದ್ದವರು ಯಜಮಾನರು. ಅವರು ಬಾಯಿಬಿಟ್ಟು ಆಡಿದ ಮೊದಲ ಮಾತು ಇದು: "ಚೆಕ್ಕಲ್ಲಿ ಕೊಡೋಕಾಗ್ತಿರ್ಲಿಲ್ವೇನೇ?"

ಸ್ಕೂಟರಿನಲ್ಲಿ ಮನೆಗೆ ಹೊರಟೆವು. ನಾನು ಅವರ ಹೆಗಲ ಮೇಲೆ ಕೈ ಇಡಲಿಲ್ಲ, ಹಿಂದಿನ ಕಂಬಿ ಹಿಡಿದುಕೊಂಡಿದ್ದೆ. ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಹಾಗೇ ಕೂತು, "ನಿಮ್ಮಮ್ಮನ ಬಳೇನಾ?" ಅಂದರು. ಗಾಡಿಯ ಕೀಲಿ ತೆಗೆದು ಅವರೇ, "ಹೋಗ್ಲಿ ಬಿಡೇ. ಎಲ್ಲೂ ಹೋಗಿಲ್ಲ, ಬಂಡವಾಳದಲ್ಲೇ ಇದೆ" ಅಂದರು. ಆ ಮಾತು ಅವರು ಮನಸಾರೆ ಹೇಳಿದ್ದು. ನನಗೂ ಅದರಿಂದ ಸ್ವಲ್ಪ ತಂಪಾಯಿತು. ಹೆಸರಿಲ್ಲದಿದ್ದರೆ ಏನಂತೆ, ಅಂಗಡಿಯ ಅಡಿಪಾಯದಲ್ಲಿ ನನ್ನದೂ ಇದೆಯಲ್ಲ ಅಂದುಕೊಂಡೆ.

ತೆರಿಗೆ ಕಟ್ಟಿದ ಚಲನ್ನಿನ ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡೆ. ಅದನ್ನು ಬಳೆ ಇಡುತ್ತಿದ್ದ ಖಾಲಿ ಡಬ್ಬಿಯಲ್ಲಿ ಮಡಿಚಿಟ್ಟೆ. ನನ್ನ ಬಳೆ ಒಂದು ಕಾಲದಲ್ಲಿ ಇತ್ತು ಅನ್ನುವುದಕ್ಕೆ ಬೇರೆ ಯಾವ ಕಾಗದವೂ ನನ್ನ ಹತ್ತಿರ ಇರಲಿಲ್ಲ.

ಎರಡನೇ ಭಾನುವಾರ ನಾದಿನಿ ಬಂದಳು. ಹಾಲಿನಲ್ಲಿ ಯಜಮಾನರು ಅವಳಿಗೆ ಎಲ್ಲ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಬಳೆಯ ಕಥೆ ಎರಡು ನಿಮಿಷ, ಎಪ್ಪತ್ತು ಸಾವಿರದ ಕಥೆ ಹತ್ತು ನಿಮಿಷ. ಆಮೇಲೆ ಅವಳು ಎದ್ದು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು. ನಾನು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಅತ್ತಿಗೆ" ಅಂದಳು.

"ಏನು ಗೊತ್ತಿತ್ತು?"

"ಬಳೆ ಹೋಗಿರೋದು. ಹೋದ ವರ್ಷ ಶ್ರಾವಣ ಮುಗಿದ್ಮೇಲೆ ಬಂದಿದ್ನಲ್ಲ, ಅವತ್ತೇ. ನೀವು ರೊಟ್ಟಿ ಬಡಿತಾ ಇದ್ರಿ. ಸದ್ದು ಬೇರೆ ಇತ್ತು. ಗಟ್ಟಿ ಬಳೆ ಹಿಂಗೆ ಚಿಲಿಚಿಲಿ ಅನ್ನಲ್ಲ."

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು. ತಿಂಗಳಿಗೊಮ್ಮೆ ಬರುವವಳಿಗೆ ಗೋಡೆಯಾಚೆಯಿಂದ ಕೇಳಿಸಿತ್ತು. ದಿನಾ ಆ ರೊಟ್ಟಿ ತಿಂದವರಿಗೆ ಕೇಳಿಸಿರಲಿಲ್ಲ. ನನಗೆ ಅವಳ ಮೇಲೆ ಇದ್ದ ಕಿಚ್ಚು ಇನ್ನೂ ಒಂದು ಗೇಣು ಎದ್ದಿತು. ಇದೂ ಅವಳದೇ ಆಯಿತಲ್ಲ, ನನ್ನನ್ನು ನೋಡಿದ ಹೆಚ್ಚುಗಾರಿಕೆ.

"ಗೊತ್ತಿದ್ದು ಯಾಕೆ ಸುಮ್ನಿದ್ದೆ?" ಅಂದೆ.

"ನೀವೇ ಹೇಳ್ತೀರ ಅಂತ ಕಾದೆ" ಅಂದಳು. ಕಟ್ಟೆಯ ಮೇಲೆ ಚೆಲ್ಲಿದ ಹಿಟ್ಟು ಒಟ್ಟುಮಾಡುತ್ತಾ, "ಸುಳ್ಳು ಯಾಕೆ ಹೇಳ್ಲಿ. ಅಣ್ಣ ಎಲ್ಲರ ಮುಂದೆ ಹೊಗಳ್ತಿದ್ದ, ಚೆನ್ನಾಗಿತ್ತು. ನೀವು ಸುಮ್ನೆ ಕೊಟ್ಟಿದೀರ ಅಂತ ಗೊತ್ತಾದ್ರೆ ಬಡ್ಡಿಗೆ ಕೊಟ್ಟೋಳು ಸಣ್ಣೋಳಾಗ್ತೀನಿ. ನಂಗೂ ಹೊಟ್ಟೆ ಉರೀತು."

ಒಪ್ಪಿಕೊಳ್ಳುತ್ತೇನೆ, ನನಗೆ ಬಹಳ ಖುಷಿಯಾಯಿತು. ಜೀವಮಾನ ಪೂರ್ತಿ ಇನ್ನೊಬ್ಬರನ್ನು ಕಂಡು ಉರಿದವಳಿಗೆ, ತನ್ನನ್ನು ಕಂಡು ಉರಿಯುವವರೂ ಇದ್ದಾರೆ ಅನ್ನುವುದು ಸಣ್ಣ ಸುಖವಲ್ಲ. ಆ ಸುಖದಲ್ಲಿ ಧಾರಾಳವಾಗಿ, "ಹೋಗ್ಲಿ ಬಿಡು. ನಿಮ್ಮಣ್ಣ ಹೇಳಿದ್ರು, ಎಲ್ಲೂ ಹೋಗಿಲ್ಲ, ಬಂಡವಾಳದಲ್ಲೇ ಇದೆ ಅಂತ" ಅಂದೆ.

ಅವಳು ನನ್ನ ಮುಖ ನೋಡಿದಳು. ಹೋಗಿ ಅಡುಗೆಮನೆಯ ಬಾಗಿಲು ಅರ್ಧ ಮುಂದೆ ಮಾಡಿ ಬಂದಳು.

"ಹಂಗೇ ಅಂದ್ನಾ? ಇದೇ ಮಾತು?"

"ಇದೇ ಮಾತು. ಯಾಕೆ?"

"ಬರಿಗೈಲಿ ಅಂಗಡಿ ಶುರು ಮಾಡ್ದೆ ಅಂತಾನಲ್ಲ ಅಣ್ಣ. ನಮ್ಮಮ್ಮನ ಬೋರಮಾಳ ಸರ ಮಾರಿದ ದುಡ್ಡು ಅತ್ತಿಗೆ ಅದು. ನಾನಾಗ ಹೈಸ್ಕೂಲು. ಎರಡು ಮೂರು ವರ್ಷ ಆದ್ಮೇಲೆ ಒಂದಿನ ಅಮ್ಮ ಕೇಳಿದ್ಲು, ಅಂಗಡಿ ಚೆನ್ನಾಗಿ ನಡೀತಿದೆಯಲ್ಲಪ್ಪ, ನನ್ನ ಸರ ಅಂತ. ಅಣ್ಣ ಲೆಕ್ಕದ ಹಾಳೆ ತಂದು ತೋರ್ಸಿದ. ಎಲ್ಲೂ ಹೋಗಿಲ್ಲಮ್ಮ, ಬಂಡವಾಳದಲ್ಲೇ ಇದೆ ನೋಡು ಅಂದ. ಅಮ್ಮಂಗೆ ಓದೋಕೆ ಬರ್ತಿರ್ಲಿಲ್ಲ. ಹಾಳೆ ಮುಟ್ಟಿ ನೋಡಿ ಸುಮ್ನಾದ್ಲು. ಮತ್ತೆ ಕೇಳ್ಲಿಲ್ಲ."

ಅರಿಸಿನದ ದಾರದ ಆ ಕೊರಳು ನನ್ನ ಕಣ್ಣ ಮುಂದೆ ಬಂತು. ಒಡವೆ ಆಸೆಯೇ ಇಲ್ಲದ ಅತ್ತೆ.

"ಅಣ್ಣ ಮೋಸ ಮಾಡೋನಲ್ಲ" ಅಂದಳು. "ಅವನು ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ದಾನೆ. ಬರಿಗೈ ಅಂತಾನೂ ನಿಜವಾಗ್ಲೂ ಅಂದ್ಕೊಂಡಿದ್ದಾನೆ. ಅದಕ್ಕೇ ನಾನು ಸಾಲ ಅಂತ ಬರೆಸ್ಕೊಂಡೆ. ಬಡ್ಡಿ ಆಸೆಗಲ್ಲ."

ಹಾಲಿನಿಂದ ಯಜಮಾನರು, "ಇನ್ನೊಂದು ಬಿಸಿ ರೊಟ್ಟಿ ಹಾಕೇ" ಅಂತ ಕೂಗಿದರು. ಹೆಂಚಿನ ಮೇಲಿದ್ದದ್ದು ಉಬ್ಬಿ ನಿಂತಿತ್ತು, ತೆಗೆದು ತಟ್ಟೆಗೆ ಹಾಕಿದೆ. ಕೈಯಲ್ಲಿ ಒನ್ ಗ್ರಾಂ ಬಳೆಗಳು ಚಿಲಿಚಿಲಿ ಅಂದವು, ಈಗ ನನಗೂ ಕೇಳಿಸಿತು. ಒಂದು ವರ್ಷ ನಾನು ಅವಳ ನಾಲ್ಕು ಲಕ್ಷಕ್ಕೆ, ಅವಳ ಅಚ್ಚಾದ ಹೆಸರಿಗೆ, ಅವಳ ಸ್ತೋತ್ರಕ್ಕೆ ಉರಿದಿದ್ದೆ. ಉರಿಯಬೇಕಾಗಿದ್ದದ್ದು ಅವಳಿಗೆ ಮೊದಲೇ ಇದ್ದ ಆ ತಿಳಿವಳಿಕೆಗೆ. ತಟ್ಟೆಯನ್ನು ಅವಳ ಕೈಗೆ ಕೊಡುತ್ತಾ ಕೇಳಿದೆ:

"ಆ ಸ್ಟಾಂಪ್ ಪೇಪರ್ ಎಲ್ಲಿ ಸಿಗತ್ತೆ?"

"ಎಲ್ಲಾ ಕಡೆ ಸಿಗತ್ತೆ" ಅಂದಳು. "ಆದ್ರೆ ಅದನ್ನ ದುಡ್ಡು ಕೊಡೋ ಮುಂಚೆ ತರ್ಬೇಕು ಅತ್ತಿಗೆ."